ಶಟರ್ ಕುಯ್ದ ಮೇಸ್ತ್ರಿ

ನನ್ನ ಮೊಮ್ಮಗಳು ಮನೆಗೆ ಬಂದಳು! ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆಗೆ, ನನ್ನ ಮಡಿಲಲ್ಲೇ ಮಲಗಿಕೊಂಡು, ಆಟೋದಲ್ಲಿ ಬಂದಳು. ಇಪ್ಪತ್ತಾರು ದಿನದ ಕೂಸು. ಅದರಲ್ಲಿ ನಾಲ್ಕು ದಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದ ಕೂಸು. ಅದರ ತಾಯಿ, ಅಂದರೆ ನನ್ನ ಮಗಳು, ಯಾರ ಕೈಯೂ ಹಿಡಿಯದೆ ತಾನೇ ನಡೆದು ಹೊಸಿಲು ದಾಟಿದಳು. ಎಳೆ ವಯಸ್ಸಿನ ಡಾಕ್ಟರಮ್ಮ "ಇಬ್ಬರೂ ಚೆನ್ನಾಗಿದ್ದಾರೆ, ಕರ್ಕೊಂಡು ಹೋಗಿ" ಎಂದಾಗ ನಾನು ಆ ಹುಡುಗಿಯ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಬೋಗಾದಿಯ ನಮ್ಮ ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇನೆ. ಹಾಲಿನವರಿಗೆ ಎರಡು ಸಲ ಹೇಳಿದೆನಂತೆ.

ಖುಷಿ ಒಂದು ಕಡೆಯಿಂದ ಉಕ್ಕಿದರೆ ಭಯ ಇನ್ನೊಂದು ಕಡೆಯಿಂದ ಬರುತ್ತದೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಹೋಗಿ ಕೂಸಿನ ಎದೆ ಏರಿಳಿಯುತ್ತಿದೆಯೇ ಎಂದು ನೋಡಿ ಬಂದೆ.

ಇವರಿಬ್ಬರನ್ನೂ ಉಳಿಸಿದ ಮನುಷ್ಯ ಹೋದ ಆಷಾಢದಲ್ಲೇ ತೀರಿಕೊಂಡರು. ಅವರೇನು ಡಾಕ್ಟರಲ್ಲ. ಕಾರು ರಿಪೇರಿ ಮಾಡುವ ಮೇಸ್ತ್ರಿ. ಅವರ ಹೆಸರು ನಾನು ಬರೆಯುವುದಿಲ್ಲ. ಶೆಡ್ಡಿಗೆ ಒಂದು ಬೋರ್ಡು ಕೂಡ ಹಾಕಿಸದ ಮನುಷ್ಯ ಅವರು. ಯಾಕೆ ಮೇಸ್ತ್ರಿ ಎಂದು ಕೇಳಿದರೆ, "ಬೋರ್ಡ್ ಇದ್ರೆ ಬೈಯೋಕೆ ಬರೋರು ಹೆಸರಿಡಿದು ಬೈತಾರೆ ಕಣಕ್ಕ. ಈಗಾದ್ರೆ 'ಲೇ ಮೇಸ್ತ್ರಿ' ಅಂತಾರೆ. ಊರಲ್ಲಿ ಎಷ್ಟೋ ಜನ ಮೇಸ್ತ್ರಿಗಳವ್ರೆ, ಯಾರಿಗೋ ಅಂದ್ಕೊಂಡು ಸುಮ್ನಿರಬೋದು" ಎನ್ನುತ್ತಿದ್ದರು.

ಯಜಮಾನರು ಹೋದ ಮೇಲೆ ನಾನು ದೇವರಾಜ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಇಡ್ಲಿ, ದೋಸೆ ಮಾಡಿ ಮಾರಿದವಳು. ನನ್ನ ಅಂಗಡಿಗೂ ಅವರ ಶೆಡ್ಡಿಗೂ ನಡುವೆ ಒಂದೇ ಗೋಡೆ. ಹೋದ ಮೊದಲ ದಿನವೇ ಗಮನಿಸಿದೆ, ಆ ಶೆಡ್ಡಿಗೆ ಶಟರ್ ಇರಲಿಲ್ಲ. ಶಟರ್ ಸುತ್ತಿಕೊಳ್ಳುವ ಮೇಲಿನ ಪೆಟ್ಟಿಗೆ ಇತ್ತು, ಎರಡು ಪಕ್ಕದ ಕಬ್ಬಿಣದ ಪಟ್ಟಿ ಇತ್ತು, ನಡುವಿನ ತಗಡು ಮಾತ್ರ ಇಲ್ಲ. ಅದನ್ನು ಮೇಸ್ತ್ರಿಯೇ ಗ್ಯಾಸ್ ಕಟ್ಟರಿನಲ್ಲಿ ಕುಯ್ದು ಗುಜರಿಗೆ ಹಾಕಿದ್ದರು. ಸಾಮಾನು ಕಾಯಲು ಅಲ್ಲೇ ಒಂದು ಬೆಂಚಿನ ಮೇಲೆ ಮಲಗುತ್ತಿದ್ದರು. ಮಳೆ ಬಂದರೆ ಎರಚಲು ಒಳಗೆ ಬರುತ್ತಿತ್ತು. ಚಳಿಗಾಲದಲ್ಲಿ ತಲೆಗೆ ಮಫ್ಲರ್, ಮೈಗೆ ಎರಡು ಸ್ವೆಟರ್. ಗಲ್ಲಿಯವರು ಅವರಿಗೆ ಇಟ್ಟ ಹೆಸರು ಪುಕ್ಕಲು ಮೇಸ್ತ್ರಿ.

ಆ ಹೆಸರು ಸುಳ್ಳೇನಲ್ಲ. ಅಷ್ಟು ಹೆದರುವ ಗಂಡಸನ್ನು ನಾನು ನೋಡಿಲ್ಲ. ಬೆಳಿಗ್ಗೆ ಬಂದು ಗಂಧದ ಕಡ್ಡಿ ಹಚ್ಚಿ ದೇವರ ಪಟಕ್ಕೆ ಮೂರು ಸುತ್ತು ಬೆಳಗುತ್ತಿದ್ದರು. ಆಮೇಲೆ ಅದೇ ಕಡ್ಡಿ ಹಿಡಿದು ಶೆಡ್ಡಿನ ನಡುವೆ ಬಂದು, ಅಲ್ಲಾಡದೆ ನಿಂತು, ಹೊಗೆ ಯಾವ ಕಡೆಗೆ ಹೋಗುತ್ತದೆಂದು ನೋಡುತ್ತಿದ್ದರು. ಗಾಳಿ ಬೀದಿಯಿಂದ ಒಳಕ್ಕೆ ಬೀಸುತ್ತಿದ್ದರೆ ಆ ದಿನ ಯಾವ ಗಾಡಿಯನ್ನೂ ಒಳಗೆ ಸ್ಟಾರ್ಟ್ ಮಾಡುವಂತಿಲ್ಲ. ಗಿರಾಕಿ ಎಷ್ಟು ದೊಡ್ಡ ಮನುಷ್ಯನಾದರೂ ಸರಿ, ಕೈ ಹಚ್ಚಿ ಗಾಡಿಯನ್ನು ಬೀದಿಗೆ ತಳ್ಳಬೇಕು.

"ಏನ್ ಮೇಸ್ತ್ರಿ, ಸ್ಟಾರ್ಟ್ ಮಾಡಿ ಹಿಂದಕ್ಕೆ ತಗೊಂಡ್ರೆ ಆಗಲ್ವಾ? ಹೊಸ ಪ್ಯಾಂಟು ಕಣ್ರೀ" ಎಂದು ಒಬ್ಬರು ಗೊಣಗಿದರು.

"ಪ್ಯಾಂಟು ಒಗಿಬೋದು ಸ್ವಾಮಿ. ತಳ್ಳಿ."

ನನಗೆ ಅದು ವಿಚಿತ್ರವಾಗಿ ಕಾಣುತ್ತಿತ್ತು. ಕರ್ರಗೆ ಹೊಗೆ ಕಾರುವ ಡೀಸೆಲ್ ಗಾಡಿ ಬಂದರೆ ಮೂಗಿಗೆ ಕರ್ಚೀಫು ಹಿಡಿದು ಕೆಲಸ ಮಾಡುವವರು, ಹೊಗೆಯೇ ಕಾಣದ ಪೆಟ್ರೋಲ್ ಕಾರಿಗೆ ಯಾಕೆ ಹೀಗೆ ಹೆದರಬೇಕು? ಒಂದು ಮಧ್ಯಾಹ್ನ ಟೀ ಕೊಡುವಾಗ ಕೇಳಿಯೇ ಬಿಟ್ಟೆ. ಅವರು ನನ್ನ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

"ಡೀಸೆಲ್ ಬಾಯ್ಬಡುಕ ಕಣಕ್ಕ. ಕೂಗ್ಕೊಂಡು, ಕೆಮ್ಮಿಸ್ಕೊಂಡು ಬರ್ತಾನೆ. ಅವನೂ ಒಳ್ಳೆಯೋನಲ್ಲ, ಆದ್ರೆ ಬರೋದು ಗೊತ್ತಾಗುತ್ತೆ. ಪೆಟ್ರೋಲು ನಗ್ತಾ ಬರ್ತಾನೆ."

ಆಮೇಲೆ ನನಗೆ ಎರಡೂ ಎಂಜಿನ್ನಿನ ಪಾಠ ಆಯಿತು. ಪೆಟ್ರೋಲ್ ಗಾಡಿಯಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಒಳಗೆ ಬಿಟ್ಟು ಒಂದು ಕಿಡಿ ಹಾರಿಸುತ್ತಾರೆ, ಗ್ಯಾಸ್ ಒಲೆಗೆ ಲೈಟರ್ ಒತ್ತಿದ ಹಾಗೆ. ಅದು ಹತ್ತಿಕೊಂಡು ಪಿಸ್ಟನ್ನನ್ನು ಒದೆಯುತ್ತದೆ, ಚಕ್ರ ತಿರುಗುತ್ತದೆ. ಡೀಸೆಲ್ಲಿಗೆ ಕಿಡಿ ಬೇಡ. ಬರೀ ಗಾಳಿಯನ್ನು ಹಿಂಡುತ್ತಾರೆ. "ಸೈಕಲ್ ಪಂಪು ಹೊಡೆದ್ರೆ ತಳ ಬಿಸಿಯಾಗುತ್ತಲ್ಲ ಅಕ್ಕ? ಅದನ್ನೇ ಇನ್ನೂ ಜೋರಾಗಿ ಹಿಂಡಿದ್ರೆ ಗಾಳಿನೇ ಕೆಂಡ ಆಗೋಗುತ್ತೆ. ಅದರ ಮೇಲೆ ಡೀಸೆಲ್ ಚಿಮುಕಿಸಿದ್ರೆ ತಾನೇ ಹತ್ಕೊತದೆ."

"ಸರಿ, ಹತ್ಕೊಂತು. ಭಯ ಯಾಕೆ?"

"ಗಾಳಿ ಸಾಲ್ದೆ ಅರ್ಧಂಬರ್ಧ ಉರಿದ್ರೆ ಒಂದು ವಿಷ ಹುಟ್ಟುತ್ತೆ. ಅದು ಕಣ್ಣಿಗೆ ಕಾಣಲ್ಲ, ಅದಕ್ಕೆ ವಾಸನೆನೂ ಇಲ್ಲ. ರಕ್ತಕ್ಕೆ ಸೇರ್ಕೊಂಡು, ಉಸಿರು ಕೂರೋ ಜಾಗದಲ್ಲಿ ತಾನು ಕೂತ್ಕೊಂಡ್ಬುಡುತ್ತೆ. ಮನುಷ್ಯ ಉಸಿರಾಡ್ತಾನೇ ಇರ್ತಾನೆ ಅಕ್ಕ. ಆದ್ರೆ ಉಸಿರು ಮೈಗೆ ಹತ್ತಿರಲ್ಲ."

ಹಾಗಾದರೆ ಊರ ತುಂಬ ಓಡಾಡುವ ಕಾರುಗಳು? ಅದಕ್ಕೂ ಉತ್ತರ ಇತ್ತು. ಸೈಲೆನ್ಸರಿಗೆ ಹೋಗುವ ದಾರಿಯಲ್ಲಿ ಒಂದು ಡಬ್ಬಿ ಇಟ್ಟಿರುತ್ತಾರಂತೆ. ಅದರೊಳಗೆ ಜೇನುಹಟ್ಟಿಯ ಹಾಗೆ ಸಣ್ಣಸಣ್ಣ ತೂತಿನ ಕಲ್ಲು. ವಿಷದ ಹೊಗೆ ಆ ತೂತುಗಳಲ್ಲಿ ನುಸುಳಿ ಹೋಗುವಾಗ ಪೂರ್ತಿ ಉರಿದು ವಿಷ ಇಳಿಯುತ್ತದೆ. "ಆದ್ರೆ ಆ ಡಬ್ಬಿ ಕಾಯ್ಬೇಕು. ಹೆಂಚು ಕಾಯ್ದೆ ಇದ್ರೆ ನೀವು ದೋಸೆ ಹುಯ್ತೀರಾ? ಹುಯ್ದ್ರೆ ಏನಾಗುತ್ತೆ? ಹಿಟ್ಟು ಹಿಟ್ಟಾಗೇ ಇರುತ್ತೆ. ಬೆಳಿಗ್ಗೆ ತಣ್ಣಗಿರೋ ಗಾಡಿನೂ ಅಂಗೇ. ಡಬ್ಬಿ ಕಾಯೋ ತನಕ ವಿಷ ವಿಷವಾಗೇ ಆಚೆ ಬರುತ್ತೆ. ಆ ವೇಳೆಲಿ ಗಾಡಿ ಬಯಲಲ್ಲಿರ್ಬೇಕು."

ಒಬ್ಬ ಗಿರಾಕಿ ಆ ಡಬ್ಬಿಯೊಳಗಿನ ಕಲ್ಲನ್ನೇ ಒಡೆದು ತೆಗೆಸಲು ಬಂದಿದ್ದ. ತೆಗೆದರೆ ಗಾಡಿ ಹಗುರವಾಗಿ ಎಳೆಯುತ್ತದಂತೆ, ಬೇರೆ ಕಡೆ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರಂತೆ.

"ಹೌದು, ಮೂಗು ಕುಯ್ದ್ರೆ ಮುಖನೂ ಹಗುರ ಆಗುತ್ತೆ" ಎಂದರು ಮೇಸ್ತ್ರಿ, ತಲೆ ಎತ್ತದೆ.

"ನಿಮ್ಮ ಭಯಕ್ಕೆ ಗಿರಾಕಿಗಳೆಲ್ಲ ಓಡೋಗ್ತಾರೆ ನೋಡ್ತಿರಿ" ಎಂದ ಅವನು.

"ಓಡೋಗ್ಲಿ ಬುಡಿ. ಓಡೋಕೆ ಉಸಿರಾದ್ರೂ ಇರುತ್ತೆ."

ಶಟರ್ ಯಾಕೆ ಕುಯ್ದರೆಂಬುದನ್ನು ಅವರು ಒಮ್ಮೆ ಮಾತ್ರ ಹೇಳಿದರು. ಜೋರು ಮಳೆಯ ಮಧ್ಯಾಹ್ನ, ಇಬ್ಬರ ಅಂಗಡಿಯಲ್ಲೂ ಯಾರೂ ಇರಲಿಲ್ಲ. ಆ ಶೆಡ್ಡು ಮೊದಲು ಅವರ ಅಣ್ಣನದಂತೆ. ಚಳಿಗಾಲದ ಒಂದು ಬೆಳಿಗ್ಗೆ ಅಣ್ಣ ಪೆಟ್ರೋಲ್ ಕಾರೊಂದನ್ನು ಸ್ಟಾರ್ಟ್ ಮಾಡಿಟ್ಟುಕೊಂಡು ಟ್ಯೂನಿಂಗ್ ಮಾಡುತ್ತಿದ್ದರು. ಇವರು ಕಾಫಿ ತರಲು ಹೊರಟರು.

"ಹೊರಟಾಗ ಅಣ್ಣ, 'ಚಳಿ ಕಣೋ, ಶಟರ್ ಎಳ್ಕೊಂಡು ಹೋಗು' ಅಂದ. ಎಳೆದೆ. ಹೋಟ್ಲಲ್ಲಿ ಯಾರೋ ಸಿಕ್ಕಿದ್ರು, ಮಾತಾಡ್ತಾ ನಿಂತ್ಕೊಂಡ್ಬುಟ್ಟೆ. ವಾಪಸ್ ಬಂದು ಶಟರ್ ಅರ್ಧ ಎತ್ತಿ ಒಳಗೆ ಹೋದ್ರೆ ಗಾಡಿಗೆ ಒರಗಿ ಕೂತವ್ನೆ. ಮುಖ ಕೆಂಪಗೆ, ಆರೋಗ್ಯವಾಗಿರೋರ ಥರ. ನಿದ್ದೆ ಹತ್ತೈತೆ ಅಂತ ನಾನು ಕಾಫಿ ಪಕ್ಕದಲ್ಲಿಟ್ಟು ಕೂತ್ಕೊಂಡೆ ಕಣಕ್ಕ. ಕಾಫಿ ಆರೋಗುತ್ತಲ್ಲಾ, ಎಬ್ಬಿಸ್ಲೋ ಬೇಡ್ವೋ ಅಂತ ಯೋಚ್ನೆ ಮಾಡ್ತಾ ಕೂತಿದ್ದೆ. ಅಷ್ಟೊತ್ತಿಗೆ ನನಗೂ ತಲೆ ಸಿಡಿಯೋಕೆ ಶುರುವಾಯ್ತು."

ಅವರು ಅಳಲಿಲ್ಲ. ಬೆರಳಿನ ಸಂದಿಯ ಗ್ರೀಸನ್ನು ಬಟ್ಟೆಯಲ್ಲಿ ಉಜ್ಜುತ್ತಲೇ ಇದ್ದರು, ಹೋಗುವ ಗ್ರೀಸಲ್ಲ ಅದು. ಮಳೆ ನಿಂತು ಎದ್ದು ಹೋಗುವಾಗ ಒಂದು ಮಾತು ಹೇಳಿದರು. "ಒಂದೇ ಸೂರಿನ ಕೆಳಗೆ ಇಬ್ಬರಿಗೆ ಒಟ್ಟಿಗೆ ತಲೆ ಸಿಡಿದ್ರೆ ಯಾಕೆ, ಏನು ಅಂತ ಕೇಳ್ತಾ ಕೂರ್ಬೇಡಿ. ಮೊದಲು ಬಯಲಿಗೆ ಬಂದ್ಬುಡಿ. ಕಾರಣ ಎಲ್ಲೂ ಓಡೋಗಲ್ಲ, ಆಮೇಲೆ ಹುಡುಕೋರಂತೆ."

ಆಮೇಲೆ ಕಾಲ ಬದಲಾಯಿತು. ಕಂಪ್ಯೂಟರ್ ಇರುವ ಗಾಡಿಗಳು ಬಂದವು. ಸೈಲೆನ್ಸರಿನ ದಾರಿಯಲ್ಲಿ ಹೊಗೆಯನ್ನು ಮೂಸಿ ನೋಡಿ ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಎಂಜಿನ್ನಿಗೆ ಹೇಳುವ ಸೆನ್ಸರ್ ಬಂತು. ಡೀಸೆಲ್ ಗಾಡಿಗಳಿಗೆ ಮಸಿ ಹಿಡಿದಿಟ್ಟುಕೊಂಡು ತಾನೇ ಸುಟ್ಟು ಹಾಕುವ ಜಾಲರಿ ಬಂತು. "ಗಾಡಿಗಳೇ ಮೂಗು ಇಟ್ಕೊಂಡು ಬಂದವೆ, ಇನ್ನಾದ್ರೂ ಧೈರ್ಯ ತಗೊಳ್ಳಿ ಮೇಸ್ತ್ರಿ" ಎಂದು ನಾನೇ ರೇಗಿಸಿದ್ದೆ. "ಮೂಗಿಗೂ ನೆಗಡಿ ಬರುತ್ತೆ ಕಣಕ್ಕ" ಎಂದರು. ಅವರು ತೀರಿಕೊಂಡ ದಿನ ಹೋಗಿದ್ದೆ. ಮನೆಯವರು ಹೇಳಿದರು, ಕೊನೆಯ ಮೂರು ತಿಂಗಳು ಹಾಸಿಗೆ ಹಿಡಿದಿದ್ದಾಗಲೂ ಕಿಟಕಿ ಮುಚ್ಚಲು ಬಿಟ್ಟಿರಲಿಲ್ಲವಂತೆ.

ಇಷ್ಟೆಲ್ಲ ಕೇಳಿಸಿಕೊಂಡಿದ್ದ ನಾನು ಮಾಡಿದ್ದೇನು ಎಂಬುದನ್ನು ಈಗ ಬರೆಯಬೇಕು. ಬರೆಯದಿದ್ದರೆ ಅನ್ನ ಇಳಿಯುವುದಿಲ್ಲ.

ಮಗಳು ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಇಪ್ಪತ್ತು ಮೂವತ್ತರ ಸೈಟಿನ ಮನೆ. ಮುಂದುಗಡೆ ಕಾರು ನಿಲ್ಲಿಸಲು ಶೆಡ್ಡು, ಅದಕ್ಕೆ ಶಟರ್. ಶೆಡ್ಡಿಗೆ ಅಂಟಿಕೊಂಡ ಹಿಂದಿನ ಕೋಣೆಯನ್ನು ಬಾಣಂತಿಗೆ ಮಾಡಿಕೊಟ್ಟೆ. ನಮ್ಮಲ್ಲಿ ಬಾಣಂತಿಗೆ ಗಾಳಿ ಸೋಕಬಾರದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಿಟಕಿ ಭದ್ರ. ನನ್ನ ತಾಯಿ ನನಗೆ ಮಾಡಿದ್ದು ಹಾಗೇ, ನಾನೂ ಹಾಗೇ ಮಾಡಿದೆ. ಬಯಲ ಕಡೆಯ ಎರಡು ಕಿಟಕಿ ಮುಚ್ಚಿ, ಸಂದಿಗಳಿಗೆಲ್ಲ ಹಳೆಯ ಸೀರೆ ತುರುಕಿದೆ. ಆದರೂ ಕೂಸಿಗೆ ಚೂರು ಗಾಳಿ ಬೇಕಲ್ಲ ಎಂದು, ಶೆಡ್ಡಿನ ಕಡೆಗಿದ್ದ ಮೇಲಿನ ಸಣ್ಣ ಗವಾಕ್ಷಿಯೊಂದನ್ನು ತೆರೆದಿಟ್ಟೆ. ಶೆಡ್ಡು ಮುಚ್ಚಿದ ಜಾಗ, ಅಲ್ಲಿಂದ ತಣ್ಣನೆಯ ಗಾಳಿ ಬರುವುದಿಲ್ಲ ಎಂಬುದು ನನ್ನ ಲೆಕ್ಕ.

ಮಗ ಬಾಡಿಗೆಗೆ ಓಡಿಸುವುದು ಒಂದು ಹಳೆಯ ಪೆಟ್ರೋಲ್ ಕಾರು. ಬೆಳಿಗ್ಗೆ ಅದನ್ನು ಸ್ಟಾರ್ಟ್ ಮಾಡಿ, ಎಂಜಿನ್ ಕಾಯಲಿ ಎಂದು ಹತ್ತು ನಿಮಿಷ ಬಿಟ್ಟು, ಮಹಡಿಗೆ ಹೋಗಿ ಸ್ನಾನ ಮಾಡಿ ಬರುವುದು ಅವನ ಅಭ್ಯಾಸ. ಮೊದಲೆಲ್ಲ ಶಟರ್ ಎತ್ತಿಯೇ ಇರುತ್ತಿತ್ತು. ಬಾಣಂತಿ ಬಂದ ಮೇಲೆ ನಾನೇ ಕೂಗಿ ಹೇಳಿದೆ. "ಲೋ, ಶಟರ್ ಎಳೆಯೋ! ಆ ಗವಾಕ್ಷಿಯಿಂದ ಥಂಡಿ ನುಗ್ಗುತ್ತೆ!"

ಅವನು ಎಳೆದ. ಒಂದು ದಿನವಲ್ಲ, ದಿನಾ ಎಳೆದ.

ಮಗಳಿಗೆ ಬೆಳಿಗ್ಗೆ ಎದ್ದರೆ ತಲೆನೋವು, ವಾಂತಿ. ಮಧ್ಯಾಹ್ನಕ್ಕೆ ಸರಿಹೋಗುತ್ತಿತ್ತು. ಕೂಸು ಬೆಳಗಿನ ಹೊತ್ತು ಹಾಲು ಹಿಡಿಯುತ್ತಿರಲಿಲ್ಲ. ಪಕ್ಕದ ಮನೆಯವರು ದೃಷ್ಟಿ ಎಂದರು. ಉಪ್ಪು ಮೆಣಸಿನಕಾಯಿ ಇಳಿ ತೆಗೆದೆ. ಇನ್ನೊಬ್ಬರು ಬಾಣಂತಿ ಸನ್ನಿ ಇರಬಹುದು ಎಂದಾಗ ಸೀರೆಯನ್ನು ಸಂದಿಗೆ ಇನ್ನೂ ಗಟ್ಟಿಯಾಗಿ ತುರುಕಿದೆ. ಎರಡು ಹೊತ್ತೂ ಸಾಂಬ್ರಾಣಿ ಹಾಕಿದೆ. ಕೆಂಡದ ಮೇಲಿನ ಆ ಹೊಗೆಯಲ್ಲಿ ಪೆಟ್ರೋಲಿನ ವಾಸನೆ ಬಂದರೂ ಯಾರಿಗೆ ತಿಳಿಯಬೇಕು!

ಹೋದ ಭಾನುವಾರ ಕಾರಿನ ಬ್ಯಾಟರಿ ಅರ್ಧ ಇಳಿದಿತ್ತು. ಚಾರ್ಜ್ ಆಗಲಿ ಎಂದು ಮಗ ಎಂಜಿನ್ ಆನ್ ಮಾಡಿ, ಶಟರ್ ಎಳೆದು, ಮಹಡಿಗೆ ಹೋದವನು ಫೋನಿನಲ್ಲಿ ಮಾತಿಗೆ ಕೂತ. ಅರ್ಧ ಗಂಟೆಗೂ ಮೇಲಾಯಿತು. ನಾನು ಕೂಸಿಗೆ ಎಣ್ಣೆ ಹಚ್ಚಲು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ಮಗಳು ಗೋಡೆ ಕಡೆ ತಿರುಗಿ ಮಲಗಿದ್ದಳು.

"ಎದ್ದೇಳವ್ವ, ನೀರು ಕಾದೈತೆ."

"ತಲೆ ಒಡೆದೋಗ್ತೈತೆ ಅವ್ವ. ಕಾಲು ಏಳ್ತಿಲ್ಲ."

ಮಾತು ತೊದಲುತ್ತಿತ್ತು. ಮೈ ಮುಟ್ಟಿ ನೋಡಿದೆ, ಜ್ವರವಿಲ್ಲ. ಕೂಸನ್ನು ಎತ್ತಿ ಕಾಲ ಮೇಲೆ ಹಾಕಿಕೊಂಡೆ. ಎಣ್ಣೆ ಮುಟ್ಟಿಸಿದರೆ ಸಾಕು, ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದ ಕೂಸು ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಕೈ ಎತ್ತಿ ಬಿಟ್ಟರೆ ಹಾಗೇ ಬೀಳುತ್ತದೆ. ಸನ್ನಿ, ಸನ್ನಿಯೇ ಬಂದುಬಿಟ್ಟಿದೆ ಎಂದುಕೊಂಡೆ. ಸಾಂಬ್ರಾಣಿ ಹಾಕಲು ಎದ್ದವಳಿಗೆ ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದುಕೊಂಡೆ. ಹಣೆಯ ಎರಡು ಪಕ್ಕ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಸಿಡಿಯುತ್ತಿತ್ತು.

ಆಗ ಗೋಡೆಯಾಚೆ ಎಂಜಿನ್ನಿನ ಸದ್ದು ಕೇಳಿಸಿತು. ಅಲ್ಲಿಯವರೆಗೂ ಆಗುತ್ತಲೇ ಇದ್ದ ಸದ್ದು ಅದು. ಗುರ್ ಗುರ್ ಎಂದು ಮೆತ್ತಗೆ, ನಗುವ ಹಾಗೆ.

ಇಬ್ಬರಿಗೆ ಒಟ್ಟಿಗೆ. ಒಂದೇ ಸೂರಿನ ಕೆಳಗೆ.

ಕೂಸನ್ನು ಎದೆಗೆ ಅವಚಿಕೊಂಡು, ಇನ್ನೊಂದು ಕೈಯಲ್ಲಿ ಮಗಳ ರಟ್ಟೆ ಹಿಡಿದು ಎಳೆದೆ. ಮಂಚದಿಂದ ಬಿದ್ದಳು, ಬಿದ್ದವಳನ್ನು ಹಾಗೇ ಎಳೆದೆ. ಎಲ್ಲಿಂದ ಬಂತೋ ಆ ಶಕ್ತಿ, ಈಗಲೂ ಗೊತ್ತಿಲ್ಲ. ಹಿತ್ತಲ ಬಾಗಿಲು ಒದ್ದು ತೆಗೆದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇಬ್ಬರನ್ನೂ ಹಾಕಿದೆ. ಹಸಿ ಬಾಣಂತಿಯನ್ನು ತಣ್ಣನೆಯ ಗಾಳಿಯಲ್ಲಿ, ಒದ್ದೆ ನೆಲದ ಮೇಲೆ! ಕೂಸಿನ ಬಾಯಿಗೆ ಕಿವಿ ಇಟ್ಟೆ. ಏನೂ ಕೇಳಿಸಲಿಲ್ಲ. ನನ್ನ ಎದೆಯ ಬಡಿತವೇ ಕಿವಿ ತುಂಬಿತ್ತು. ಆ ಒಂದು ಗಳಿಗೆ ಎಷ್ಟು ಉದ್ದವಿತ್ತೆಂದು ನಾನು ಯಾರಿಗೂ ಹೇಳಲಾರೆ. ಆಮೇಲೆ ಅದರ ಹೊಟ್ಟೆ ಒಂದು ಚೂರು ಉಬ್ಬಿತು.

ನನ್ನ ಕೂಗಿಗೆ ಮಗ ಓಡಿ ಬಂದ. "ಗಾಡಿ ಆಫ್ ಮಾಡೋ! ಶಟರ್ ಎತ್ತೋ! ಆಟೋ ಕರಿಯೋ!" ಮೂರನ್ನೂ ಒಟ್ಟಿಗೆ ಕೂಗಿದೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಏನಾಯಿತೆಂದು ಕೇಳಿದಾಗ ನಾನು ಸನ್ನಿ ಎನ್ನಲಿಲ್ಲ, ದೃಷ್ಟಿ ಎನ್ನಲಿಲ್ಲ. "ಕಾರಿನ ಹೊಗೆ ಕುಡಿದವ್ರೆ, ಉಸಿರು ಮೈಗೆ ಹತ್ತಿಲ್ಲ" ಎಂದೆ. ಅವರು ತಕ್ಷಣ ಇಬ್ಬರಿಗೂ ಆಕ್ಸಿಜನ್ ಹಾಕಿಸಿ, ರಕ್ತ ತೆಗೆಸಿದರು. ನನಗೂ ಒಂದು ಮಾಸ್ಕ್ ಹಾಕಿ ಕೂರಿಸಿದರು. ಆಮೇಲೆ ಬಂದು ಹೇಳಿದರು, "ನೀವು ಅದನ್ನ ಹೇಳಿದ್ದು ಒಳ್ಳೇದಾಯ್ತು ಅಜ್ಜಿ. ಇಲ್ಲದಿದ್ರೆ ನಾವು ಬೇರೆ ಏನೇನೋ ಹುಡುಕ್ತಾ ಇರ್ತಿದ್ವಿ."

ಮಗ ವಾರ್ಡಿನ ಹೊರಗೆ ನೆಲದ ಮೇಲೆ ಕೂತು ಒಂದೇ ಮಾತು ಹೇಳುತ್ತಿದ್ದ. "ಎಮಿಷನ್ ಸರ್ಟಿಫಿಕೇಟ್ ಐತಲ್ಲವ್ವ. ಹೋದ ತಿಂಗಳು ತಾನೇ ಮಾಡ್ಸಿದ್ದೆ. ಪಾಸಾಗಿತ್ತಲ್ಲವ್ವ." ಪಾಸಾಗಿತ್ತು, ಸುಳ್ಳಲ್ಲ. ಪೆಟ್ರೋಲ್ ಬಂಕಿನವರೆಗೆ ಓಡಿ ಚೆನ್ನಾಗಿ ಕಾದಿದ್ದ ಗಾಡಿಯನ್ನು, ಬಯಲಿನಲ್ಲಿ ನಿಲ್ಲಿಸಿ ನೋಡಿ ಕೊಟ್ಟ ಸರ್ಟಿಫಿಕೇಟು ಅದು. ಹಳೆಯ ಡಬ್ಬಿ, ತಣ್ಣನೆಯ ಬೆಳಗು, ಎಳೆದ ಶಟರು, ಇವನ್ನು ಯಾರು ಪರೀಕ್ಷೆ ಮಾಡುತ್ತಾರೆ? ಅವನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಎಳೆ ಎಂದವಳು ನಾನು.

ಎರಡು ರಾತ್ರಿ ಕೂಸು ಕಣ್ಣು ಬಿಟ್ಟು ಮುಚ್ಚುತ್ತಿತ್ತು, ಅಷ್ಟೇ. ನಾನು ಮೇಸ್ತ್ರಿಯ ಅಣ್ಣನನ್ನೇ ಕಾಣುತ್ತಿದ್ದೆ, ನೋಡದ ಮನುಷ್ಯನನ್ನು. ಪಕ್ಕದಲ್ಲಿ ಆರುತ್ತಿರುವ ಕಾಫಿ ಕಾಣುತ್ತಿತ್ತು. ಆ ಮೇಸ್ತ್ರಿ ಬಾಕಿ ಆಯುಸ್ಸೆಲ್ಲ ಚಳಿಯಲ್ಲಿ ಯಾಕೆ ಮಲಗಿದರು ಎಂಬುದು ನನಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅರ್ಥವಾಯಿತು. ಗಲ್ಲಿಯಲ್ಲಿ ನಾವೆಲ್ಲ ಅದನ್ನು ಪುಕ್ಕಲುತನ ಎಂದಿದ್ದೆವು. ನಾನೂ ನಕ್ಕಿದ್ದೆ.

ಮೂರನೆಯ ದಿನ ಬೆಳಿಗ್ಗೆ ಕೂಸು ಹಾಲು ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಮಗಳ ಹಾಸಿಗೆಯ ಪಕ್ಕ ನಿಂತು ಎಲ್ಲವನ್ನೂ ಹೇಳಿದೆ. "ನಾನೇ ಕಣವ್ವ ಕಿಟಕಿ ಮುಚ್ಚಿದ್ದು. ಶಟರ್ ಎಳ್ಸಿದ್ದೂ ನಾನೇ."

"ಗೊತ್ತು ಬುಡವ್ವ" ಎಂದಳು. "ಆಚೆಗೆ ಎಳ್ಕೊಂಡು ಬಂದಿದ್ದು ಯಾರು?"

ಆಸ್ಪತ್ರೆಗೆ ದಿನಾ ಬಂದು ಹೋಗುತ್ತಿದ್ದ ಅಳಿಯಂದಿರು ಇವತ್ತು ಸಂಜೆ ರಾಜೀವನಗರದಿಂದ ಮನೆಗೆ ಬಂದರು. ಶಟರಿನ ವಿಷಯ ಮಗಳು ಹೇಳಿರುತ್ತಾಳೆ, ನನ್ನ ಮೇಲೆ ಕೋಪ ಮಾಡಿಕೊಳ್ಳುತ್ತಾರೇನೋ ಎಂದು ಅಡುಗೆಮನೆಯಿಂದ ಆಚೆ ಬರಲೇ ಅಂಜಿದೆ. ಅವರು ಚಪ್ಪಲಿ ಬಿಟ್ಟವರೇ ಕೂಸನ್ನು ಮೂಸಿ ಮುದ್ದಾಡಿ, "ಅತ್ತೆ, ಹೊಟ್ಟೆ ಹಸೀತೈತೆ, ಏನ್ ಮಾಡಿದ್ದೀರಿ?" ಎಂದು ಕೂಗಿದರು. ಅಡುಗೆಮನೆಯಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡೆ.

ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಸಾಲಾಗಿ ಕೂತೆವು. ಬಾಣಂತಿಯನ್ನೂ ಜೊತೆಗೇ ಕೂರಿಸಿದೆ, ಕೂಸು ಅವಳ ತೊಡೆಯ ಮೇಲೆ. ಮೆಣಸಿನ ಸಾರು, ಬಿಸಿ ಅನ್ನ, ಹೀರೇಕಾಯಿ ಪಲ್ಯ, ತುಪ್ಪ. ಬಾಣಂತಿಗೆ ಅರೆಹೊಟ್ಟೆ ಬಡಿಸಬೇಕೆನ್ನುತ್ತಾರೆ, ನಾನೂ ಅಷ್ಟೇ ಬಡಿಸಿದೆ. ಅವಳು ಎರಡು ನಿಮಿಷದಲ್ಲಿ ತಟ್ಟೆ ಬರಿದು ಮಾಡಿ ನನ್ನ ಮುಖ ನೋಡಿದಳು.

"ಅವ್ವ, ಇನ್ನೊಂದ್ ಸೌಟು ಹಾಕು."

ಹಾಕಿದೆ. ಅದನ್ನೂ ಉಂಡು ಮತ್ತೆ ತಟ್ಟೆ ಮುಂದೆ ಚಾಚಿದಳು. "ನಮಗೂ ಒಂದಿಷ್ಟು ಉಳ್ಸೇ" ಎಂದು ಅವಳ ಗಂಡ ನಕ್ಕರು, ಮಗ ಸಾರಿನ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡ. ನಾನು ಇನ್ನೆರಡು ಸೌಟು ಅನ್ನ ಹಾಕಿ, ಮೇಲೆ ತುಪ್ಪ ಬಿಟ್ಟು, ಅವಳು ಉಣ್ಣುವುದನ್ನು ನೋಡುತ್ತಾ ನನ್ನ ತಟ್ಟೆಗೂ ಬಡಿಸಿಕೊಂಡೆ.